ಒಂದು ಎದೆ ಸಿಟಿಗೆ ಎಷ್ಟು ಎಕ್ಸ್‌ರೇ? 2021ರ ಮೇ ತಿಂಗಳ ವಿವಾದದ ಒಂದು ಪ್ರಕರಣ ಅಧ್ಯಯನ

ಕೋವಿಡ್ ಎರಡನೇ ಅಲೆ ಉತ್ತುಂಗದಲ್ಲಿದ್ದ 2021ರ ಮೇ 3ರಂದು, ದೆಹಲಿಯ ಏಮ್ಸ್‌ನ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಅವರು ಪತ್ರಿಕಾಗೋಷ್ಠಿಯೊಂದರಲ್ಲಿ, ಒಂದು ಸಿಟಿ ಸ್ಕ್ಯಾನ್ 300ರಿಂದ 400 ಎದೆ ಎಕ್ಸ್‌ರೇಗಳಿಗೆ ಸಮವೆಂದು ಹೇಳಿದರು. ಸೌಮ್ಯ ಲಕ್ಷಣದವರು ಸಿಟಿ ಮಾಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅನಗತ್ಯ ವಿಕಿರಣದಿಂದ ಮುಂದೆ ಕ್ಯಾನ್ಸರ್‌ನ ಅಪಾಯ ಹೆಚ್ಚಬಹುದು, ಯುವಜನರಲ್ಲಿ ಇದು ಇನ್ನೂ ಮುಖ್ಯ ಎಂಬುದು ಅವರ ಮಾತಿನ ಸಾರಾಂಶ. ಭಾರತೀಯ ರೇಡಿಯಾಲಜಿ ಮತ್ತು ಇಮೇಜಿಂಗ್ ಸಂಘ ಇದನ್ನು ಕೂಡಲೇ ಖಂಡಿಸಿತು. ಆ ಸಂಖ್ಯೆ 30–40 ವರ್ಷಗಳ ಹಿಂದಿನದು, ಇಂದಿನ ಯಂತ್ರಗಳ ಅತಿ ಕಡಿಮೆ ಡೋಸ್‌ನ ಸಿಟಿಯ ವಿಕಿರಣ 5ರಿಂದ 10 ಎಕ್ಸ್‌ರೇಗಳಷ್ಟು ಮಾತ್ರ ಎಂದು ಸಂಘ ಹೇಳಿತು.

ಒಂದೇ ಪರೀಕ್ಷೆಯ ಬಗ್ಗೆ ಒಂದೇ ವಾರದಲ್ಲಿ, ಬಲ್ಲವರಿಂದಲೇ ಬಂದ ಎರಡು ಅಂದಾಜುಗಳ ನಡುವೆ ಕನಿಷ್ಠವೆಂದರೂ 30 ಪಟ್ಟು ಅಂತರವಿತ್ತು. ಟಿವಿ ಚರ್ಚೆಗಳಲ್ಲಿ ಇದು ಯಾರು ಸರಿ, ಯಾರು ತಪ್ಪು ಎಂಬ ವಾದವಾಗಿಯೇ ಉಳಿಯಿತು. ನನ್ನ ದೃಷ್ಟಿಯಲ್ಲಿ ಎರಡೂ ಸಂಖ್ಯೆಗಳು ಒಂದೇ ಸೂತ್ರದಿಂದ ಬಂದವು, ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿದ್ದವು. ವ್ಯತ್ಯಾಸ ಇದ್ದದ್ದು ಸ್ಕ್ಯಾನ್ ಯಂತ್ರವನ್ನು ನಡೆಸುವ ಕನ್ಸೋಲ್‌ನಲ್ಲಿ ಒತ್ತಿದ ಕೆಲವು ಗುಂಡಿಗಳಲ್ಲಿ. ಆ ಗುಂಡಿಗಳು ಏನು ಮಾಡುತ್ತವೆ, ಚಿತ್ರ ಕೆಡದಂತೆ ಅವುಗಳನ್ನು ಎಷ್ಟರ ಮಟ್ಟಿಗೆ ತಗ್ಗಿಸಬಹುದು ಎಂಬುದನ್ನು ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ.

ಸಂದರ್ಭ

ಕರ್ನಾಟಕದಲ್ಲಿ 2021ರ ಮೇ 5ರಂದು ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಆರ್‌ಟಿ-ಪಿಸಿಆರ್ ವರದಿಗಾಗಿ ದಿನಗಟ್ಟಲೆ ಕಾಯಬೇಕಾಗಿತ್ತು, ವರದಿ ನೆಗೆಟಿವ್ ಬಂದರೂ ಕೆಮ್ಮು ಮತ್ತು ಉಬ್ಬಸ ಬಿಡದವರು ಬಹಳ ಮಂದಿ ಇದ್ದರು. ಈ ತೆರವನ್ನು ಸಿಟಿ ಸ್ಕ್ಯಾನ್ ತುಂಬಿತು. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 5ರಂತೆ ಒಟ್ಟು 25ಕ್ಕೆ ಕೊಡುವ ತೀವ್ರತೆಯ ಅಂಕ ಮನೆಮಾತಾಯಿತು. ಪಿಯುಸಿ ಫಲಿತಾಂಶ ಕೇಳುವ ಧಾಟಿಯಲ್ಲೇ ನೆಂಟರು ‘ಸ್ಕೋರ್ ಎಷ್ಟು ಬಂತು?’ ಎಂದು ಫೋನ್ ಮಾಡುತ್ತಿದ್ದರು. ಕಡಿಮೆ ಅಂಕ ಬಂದರೆ ಸಂಭ್ರಮಪಡುವ ಪರೀಕ್ಷೆ ಅದೊಂದೇ ಇದ್ದಿರಬೇಕು. ಅಂಕ ಏರಿತೋ ಇಳಿಯಿತೋ ಎಂದು ತಿಳಿಯಲು ಕೆಲವರು ವಾರದೊಳಗೆ ಮತ್ತೊಮ್ಮೆ ಸ್ಕ್ಯಾನ್ ಕೇಂದ್ರದ ಮುಂದೆ ಸಾಲು ನಿಂತರು. ದರ ಕೈಮೀರುತ್ತಿದ್ದಂತೆ ರಾಜ್ಯ ಸರ್ಕಾರ ಬಿಪಿಎಲ್ ಕಾರ್ಡುದಾರರಿಗೆ 1,500 ರೂಪಾಯಿ, ಉಳಿದವರಿಗೆ 2,500 ರೂಪಾಯಿ ಎಂದು ಮಿತಿ ಹಾಕಿತು. ರೋಗಿಯ ಜೇಬಿಗೆ ಬೀಳುವ ಹೊರೆಗೆ ಹೀಗೆ ಒಂದು ಲೆಕ್ಕ ಸಿಕ್ಕಿತು. ಅದೇ ಸ್ಕ್ಯಾನ್‌ನಲ್ಲಿ ಮೈಗೆ ಬೀಳುವ ಹೊರೆಯ ಲೆಕ್ಕವೂ ಯಂತ್ರದೊಳಗೆ ತಾನಾಗಿ ದಾಖಲಾಗುತ್ತಿತ್ತು, ಅದನ್ನು ಕೇಳುವವರು ಕಡಿಮೆ.

ಎರಡು ಸಂಖ್ಯೆಗಳ ಹುಟ್ಟು

ಪ್ರತಿ ಸಿಟಿ ಪರೀಕ್ಷೆ ಮುಗಿದೊಡನೆ ಯಂತ್ರವು ಡೋಸ್ ವರದಿ ಎಂಬ ಒಂದು ಪುಟವನ್ನು ಸಿದ್ಧಪಡಿಸುತ್ತದೆ. ಅದರಲ್ಲಿ ಎರಡು ಅಂಕಿಗಳು ಮುಖ್ಯ. ಮೊದಲನೆಯದು ಸಿಟಿಡಿಐ-ವಾಲ್ಯೂಮ್, ಅಂದರೆ ಗೊತ್ತುಪಡಿಸಿದ ಅಳತೆಯ ಪ್ಲಾಸ್ಟಿಕ್ ಬೊಂಬೆಯೊಂದರಲ್ಲಿ ಆ ಸೆಟ್ಟಿಂಗ್ ಎಷ್ಟು ವಿಕಿರಣವನ್ನು ಇಳಿಸುತ್ತದೆ ಎಂಬುದನ್ನು ಮಿಲಿಗ್ರೇಗಳಲ್ಲಿ ಸೂಚಿಸುವ ಅಳತೆ. ಇದನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದರೆ ಎರಡನೆಯದು, ಡಿಎಲ್‌ಪಿ, ದೊರೆಯುತ್ತದೆ. ವಯಸ್ಕರ ಎದೆಗೆ ಡಿಎಲ್‌ಪಿಯನ್ನು 0.014ರಿಂದ ಗುಣಿಸಿದರೆ ಪರಿಣಾಮಕಾರಿ ಡೋಸ್‌ನ, ಅಂದರೆ ಇಡೀ ದೇಹಕ್ಕೆ ಒಟ್ಟಾರೆ ತಟ್ಟುವ ವಿಕಿರಣದ, ಅಂದಾಜು ಮಿಲಿಸೀವರ್ಟ್‌ಗಳಲ್ಲಿ ಸಿಗುತ್ತದೆ.

ಸಾಮಾನ್ಯ ಎದೆ ಸಿಟಿಗೆ 7 ಮಿಲಿಸೀವರ್ಟ್, ಎದುರಿನಿಂದ ತೆಗೆದ ಒಂದು ಎದೆ ಎಕ್ಸ್‌ರೇಗೆ 0.02 ಮಿಲಿಸೀವರ್ಟ್ ಎಂಬುದು ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಇರುವ ಲೆಕ್ಕ. ಭಾಗಿಸಿದರೆ 350. ‘300ರಿಂದ 400’ ಎಂಬ ಮಾತಿನ ಬೇರು ಇಂಥ ಲೆಕ್ಕದಲ್ಲಿದೆ. ಈಗ ಅತಿ ಕಡಿಮೆ ಡೋಸ್‌ನ ಸಿಟಿಯನ್ನು ತೆಗೆದುಕೊಳ್ಳೋಣ. ಹೊಸ ಯಂತ್ರಗಳಲ್ಲಿ ಇದು 0.1ರಿಂದ 0.2 ಮಿಲಿಸೀವರ್ಟ್‌ಗೆ ಇಳಿಯಬಲ್ಲದು, ಅದೇ 0.02ರಿಂದ ಭಾಗಿಸಿದರೆ 5ರಿಂದ 10. ಇದು ಸಂಘದ ಲೆಕ್ಕ. ಇನ್ನು ಛೇದವನ್ನೇ ಬದಲಿಸಿ, ಎದುರಿನಿಂದ ಒಂದು ಹಾಗೂ ಪಕ್ಕದಿಂದ ಒಂದು ಹೀಗೆ ಎರಡು ನೋಟಗಳ ಎಕ್ಸ್‌ರೇಗೆ 0.1 ಮಿಲಿಸೀವರ್ಟ್ ಎಂದು ಹಿಡಿದರೆ, ಹಳೆಯ 7 ಮಿಲಿಸೀವರ್ಟ್‌ನ ಸಿಟಿ ಕೂಡ 70 ಎಕ್ಸ್‌ರೇಗಳಿಗೆ ಇಳಿದುಬಿಡುತ್ತದೆ. ಎದೆ ಎಕ್ಸ್‌ರೇ ವೈದ್ಯಕೀಯದಲ್ಲೇ ಅತಿ ಕಡಿಮೆ ವಿಕಿರಣದ ಪರೀಕ್ಷೆಗಳಲ್ಲಿ ಒಂದಾದ್ದರಿಂದ ಅದನ್ನು ಅಳತೆಗೋಲು ಮಾಡಿಕೊಂಡರೆ ಯಾವುದೂ ಭಯಂಕರವಾಗಿಯೇ ಕಾಣುತ್ತದೆ. ಸೇರಿನ ಅಳತೆಯನ್ನು ಚಮಚದಲ್ಲಿ ಹೇಳಿದ ಹಾಗೆ. ನಿಸರ್ಗದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಆ ಅಳತೆಯಲ್ಲಿ 7 ಎಂದರೆ ಸುಮಾರು ಮೂರು ವರ್ಷದ ಪಾಲು, 0.2 ಎಂದರೆ ಒಂದು ತಿಂಗಳ ಪಾಲು.

ಅಪಾಯದ ಅಂದಾಜಿಗೂ ಒಂದು ಮಾತು ಸಲ್ಲಬೇಕು. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ ಬಳಸುವ ಸರಳರೇಖೆಯ ಮಾದರಿಯಂತೆ ಒಂದು ಸೀವರ್ಟ್‌ಗೆ ಶೇ 5ರ ಸುಮಾರಿನ ಅಪಾಯ. ಇದರ ಪ್ರಕಾರ 7 ಮಿಲಿಸೀವರ್ಟ್‌ನ ಸ್ಕ್ಯಾನ್ ಮಾಡಿಸಿಕೊಂಡ ಹತ್ತು ಸಾವಿರ ಮಂದಿಯಲ್ಲಿ ಮೂರು ನಾಲ್ಕು ಹೆಚ್ಚುವರಿ ಕ್ಯಾನ್ಸರ್ ಸಾವುಗಳನ್ನು ಮಾದರಿ ಊಹಿಸುತ್ತದೆ, 1.5 ಮಿಲಿಸೀವರ್ಟ್‌ಗೆ ಅದು ಒಂದಕ್ಕಿಂತ ಕಡಿಮೆ. ಇದು ಎಲ್ಲ ವಯಸ್ಸು, ಎರಡೂ ಲಿಂಗಗಳನ್ನು ಸೇರಿಸಿ ಮಾಡಿದ ಸರಾಸರಿಯಾದ್ದರಿಂದ ಒಬ್ಬ ವ್ಯಕ್ತಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಇಪ್ಪತ್ತೈದರ ಯುವತಿಯ ಎದೆ ಸಿಟಿಯಲ್ಲಿ ಸ್ತನದ ಅಂಗಾಂಶ ಪೂರ್ತಿಯಾಗಿ ಕಿರಣದ ದಾರಿಯಲ್ಲೇ ಇರುತ್ತದೆ, ಎಪ್ಪತ್ತರ ವೃದ್ಧರ ಲೆಕ್ಕ ಅದಕ್ಕಿಂತ ತೀರಾ ಬೇರೆ. ಗುಲೇರಿಯಾ ಅವರು ಯುವಜನರನ್ನು ಬೇರೆಯಾಗಿ ಹೆಸರಿಸಿದ್ದು ಈ ಕಾರಣಕ್ಕೆ ಸರಿಯಾಗಿಯೇ ಇತ್ತು.

ಶ್ವಾಸಕೋಶ ಕೊಡುವ ರಿಯಾಯಿತಿ

ಡೋಸ್ ತಗ್ಗಿಸಿದರೆ ಚಿತ್ರ ಕೆಡುತ್ತದೆ ಎಂಬುದು ಸಾಮಾನ್ಯವಾಗಿ ನಿಜ. ಮೈಯನ್ನು ದಾಟಿ ಬಂದ ಕಿರಣವನ್ನು ಗ್ರಹಿಸುವ ಡಿಟೆಕ್ಟರ್ ತಲುಪುವ ಫೋಟಾನ್‌ಗಳ, ಅಂದರೆ ಎಕ್ಸ್‌ರೇ ಕಣಗಳ, ಸಂಖ್ಯೆ ಕಡಿಮೆಯಾದಷ್ಟೂ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಾಳುಕಾಳು ನೋಟ, ಅಂದರೆ ನಾಯ್ಸ್, ಏರುತ್ತದೆ. ಅದು ಡೋಸ್‌ನ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ: ಡೋಸ್ ಕಾಲು ಭಾಗಕ್ಕೆ ಇಳಿದರೆ ನಾಯ್ಸ್ ಎರಡು ಪಟ್ಟಾಗುತ್ತದೆ. ಈ ನಿಯಮದಿಂದ ಯಾವ ಅಂಗಕ್ಕೂ ವಿನಾಯಿತಿ ಇಲ್ಲ. ಆದರೆ ನಾಯ್ಸ್ ಎಷ್ಟಾದರೆ ಕಷ್ಟ ಎಂಬುದು ಅಂಗದಿಂದ ಅಂಗಕ್ಕೆ ಬದಲಾಗುತ್ತದೆ, ಮತ್ತು ಈ ವಿಷಯದಲ್ಲಿ ಶ್ವಾಸಕೋಶದಷ್ಟು ಉದಾರಿ ಬೇರೊಂದಿಲ್ಲ.

ಸಿಟಿಯಲ್ಲಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಅಂಕದಲ್ಲಿ ಅಳೆಯುತ್ತಾರೆ. ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ. ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಸುಮಾರು ಮೈನಸ್ 800ರ ಆಸುಪಾಸಿನಲ್ಲಿದ್ದರೆ, ಅದರೊಳಗಿನ ರಕ್ತನಾಳ ಅಥವಾ ಗಡ್ಡೆ ಪ್ಲಸ್ 40ರ ಹತ್ತಿರ ಇರುತ್ತದೆ. ಎಂದರೆ 800ಕ್ಕೂ ಮಿಕ್ಕಿದ ಅಂತರ. ಕೋವಿಡ್‌ನ ಗುರುತಾದ ಮಸುಕು ಗಾಜಿನಂಥ ಮಚ್ಚೆ ಮೈನಸ್ 600ರಲ್ಲಿದ್ದರೂ ಅಂತರ 200ರಷ್ಟಾದರೂ ಇರುತ್ತದೆ. ಯಕೃತ್ತಿನ ಕಥೆ ಬೇರೆ. ಅಲ್ಲಿ ಗಡ್ಡೆಗೂ ಸುತ್ತಲ ಅಂಗಾಂಶಕ್ಕೂ ಎಷ್ಟೋ ಸಲ 20–30 ಅಂಕಗಳ ವ್ಯತ್ಯಾಸವೂ ಇರುವುದಿಲ್ಲವಾದ್ದರಿಂದ, 27 ಅಂಕದ ನಾಯ್ಸ್ ಬಂದರೆ ಗಡ್ಡೆ ಅದರಲ್ಲೇ ಮುಳುಗಿಹೋಗುತ್ತದೆ. ಅದೇ 27 ಶ್ವಾಸಕೋಶದಲ್ಲಿ ಕಣ್ಣಿಗೆ ತುಸು ಕಿರಿಕಿರಿ ಮಾಡೀತು, ಅಷ್ಟೇ.

ನೋಡುವ ವಿಂಡೋ, ಅಂದರೆ ಪರದೆಯ ಮೇಲೆ ಕಪ್ಪಿನಿಂದ ಬಿಳಿಯವರೆಗೆ ತೋರಿಸುವ ಅಂಕಗಳ ಹರವು, ಕೂಡ ಇದಕ್ಕೆ ಒತ್ತಾಸೆಯಾಗಿದೆ. ಶ್ವಾಸಕೋಶವನ್ನು 1500 ಅಂಕಗಳ ಅಗಲದ ವಿಂಡೋದಲ್ಲಿ ನೋಡುವುದರಿಂದ 27 ಅಂಕದ ನಾಯ್ಸ್ ಕಪ್ಪಿನಿಂದ ಬಿಳಿಯವರೆಗಿನ ಇಡೀ ಹರವಿನಲ್ಲಿ ಶೇ 2ಕ್ಕಿಂತ ಕಡಿಮೆ. ಮೃದು ಅಂಗಾಂಶಕ್ಕೆಂದು ವಿಂಡೋವನ್ನು 400ಕ್ಕೆ ಇಳಿಸಿದರೆ ಅದೇ ನಾಯ್ಸ್ ಸುಮಾರು ಶೇ 7 ಆಗಿ ಕಣ್ಣಿಗೆ ರಾಚುತ್ತದೆ. ಒಂದೇ ದತ್ತಾಂಶ ಒಂದು ಕಡೆ ಚೊಕ್ಕವಾಗಿಯೂ ಇನ್ನೊಂದು ಕಡೆ ಕೊಳಕಾಗಿಯೂ ಕಾಣುವುದಕ್ಕೆ ಕಾರಣ ಇದು. ‘ಕಡಿಮೆ ಡೋಸ್‌ನ ಚಿತ್ರ ಚೆನ್ನಾಗಿರಲ್ಲ ಸಾರ್’ ಎನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆಯೆಂದರೆ, ಯಾವ ವಿಂಡೋದಲ್ಲಿ ನೋಡಿದಿರಿ ಎಂಬುದು.

ಇದು 2021ರಲ್ಲಿ ಕಂಡುಕೊಂಡ ಸತ್ಯವೇನೂ ಅಲ್ಲ. ಶ್ವಾಸಕೋಶದ ಕಡಿಮೆ ಡೋಸ್‌ನ ಸಿಟಿಯ ಬಗ್ಗೆ ನ್ಯೂಯಾರ್ಕಿನ ಡೇವಿಡ್ ನೈಡಿಚ್ ಮತ್ತು ಸಂಗಡಿಗರು 1990ರಲ್ಲೇ ಬರೆದಿದ್ದರು. ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗವು 2002ರಿಂದ 2004ರ ನಡುವೆ 53,454 ಮಂದಿಯನ್ನು ಸೇರಿಸಿಕೊಂಡು, ಸರಾಸರಿ 1.5 ಮಿಲಿಸೀವರ್ಟ್‌ನ ಸಿಟಿಯಿಂದ ಶ್ವಾಸಕೋಶ ಕ್ಯಾನ್ಸರ್‌ನ ಸಾವುಗಳು ಎಕ್ಸ್‌ರೇ ಗುಂಪಿಗಿಂತ ಶೇ 20ರಷ್ಟು ಕಡಿಮೆಯಾದವೆಂದು 2011ರಲ್ಲಿ ತೋರಿಸಿತು. ಬಳಸಿದ ಯಂತ್ರಗಳು ಇಂದಿನ ಕಣ್ಣಿಗೆ ಹಳೆಯವು. ಕನಿಷ್ಠ ನಾಲ್ಕು ಸಾಲಿನ ಡಿಟೆಕ್ಟರ್ ಇದ್ದರೆ ಸಾಕೆಂದು ನಿಯಮವಿತ್ತು. ಕೋವಿಡ್ ಬಂದ ಮೇಲೆ ಬೆಲ್ಜಿಯಂನಿಂದ 2020ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ ಡೋಸ್ 0.56 ಮಿಲಿಸೀವರ್ಟ್ ಇತ್ತು, ರೋಗಪತ್ತೆಗೆ ಅದು ಸಾಕಾಗಿತ್ತು. ಇಷ್ಟೆಲ್ಲ ಗೊತ್ತಿದ್ದೂ ಮಾಮೂಲಿ ಎದೆ ಸಿಟಿಯ ಸೆಟ್ಟಿಂಗ್ ಮಾತ್ರ ಅನೇಕ ಕಡೆ ಇದ್ದ ಹಾಗೆಯೇ ಉಳಿದಿತ್ತು.

ಕನ್ಸೋಲ್‌ನ ಮುಂದೆ

ಲೆಕ್ಕಕ್ಕೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಜಿಲ್ಲಾ ಕೇಂದ್ರವೊಂದರ 16 ಸ್ಲೈಸ್‌ನ (ಒಂದು ಸುತ್ತಿಗೆ 16 ಪದರ ತೆಗೆಯುವ) ಸಾಧಾರಣ ಯಂತ್ರ, 52 ವರ್ಷದ ಹೆಂಗಸು, 65 ಕೆಜಿ ತೂಕ, ಆಮ್ಲಜನಕದ ಮಟ್ಟ 92, ಐದು ದಿನದಿಂದ ಜ್ವರ. ಹೊಸ ಯಂತ್ರವಾಗಲಿ ತವರದ ಫಿಲ್ಟರ್ ಆಗಲಿ ಕೃತಕ ಬುದ್ಧಿಮತ್ತೆಯಾಗಲಿ ಇಲ್ಲಿ ಇಲ್ಲ. ಯಂತ್ರವನ್ನು ಅಳವಡಿಸಿದ ದಿನ ಎಂಜಿನಿಯರ್ ತುಂಬಿಸಿಟ್ಟ ಎದೆಯ ಪ್ರೋಟೊಕಾಲ್‌ನಲ್ಲಿ 120 ಕೆವಿ (ಎಕ್ಸ್‌ರೇ ಕೊಳವೆಯ ವೋಲ್ಟೇಜು), 200 ಎಂಎಎಸ್ (ಕರೆಂಟು ಮತ್ತು ಸಮಯದ ಗುಣಲಬ್ಧ, ಅಂದರೆ ಕಿರಣದ ಪ್ರಮಾಣ) ಎಂದಿದೆ ಎಂದುಕೊಳ್ಳಿ. ಇಂಥ ಸೆಟ್ಟಿಂಗ್ ಸುಮಾರು 14 ಮಿಲಿಗ್ರೇ ಸಿಟಿಡಿಐ ಕೊಡುತ್ತದೆ. ಕುತ್ತಿಗೆಯ ಬುಡದಿಂದ ಹೊಟ್ಟೆಯ ಮೇಲ್ಭಾಗದವರೆಗೆ 36 ಸೆಂಟಿಮೀಟರ್ ಉದ್ದ ಸ್ಕ್ಯಾನ್ ಮಾಡಿದರೆ ಡಿಎಲ್‌ಪಿ 504, ಡೋಸ್ 7 ಮಿಲಿಸೀವರ್ಟ್. ಗುಲೇರಿಯಾ ಅವರ ಸಂಖ್ಯೆ ಇಲ್ಲಿ ಜೀವಂತವಾಗಿಯೇ ಇದೆ. ಇದಕ್ಕೆ 30 ವರ್ಷ ಹಳೆಯ ಯಂತ್ರವೇನೂ ಬೇಕಾಗಿಲ್ಲ.

ಮೊದಲು ಉದ್ದವನ್ನೇ ನೋಡೋಣ. ಶ್ವಾಸಕೋಶದ ತುದಿಯಿಂದ ಕೆಳಗಿನ ಮೂಲೆಯವರೆಗೆ ಇವರಿಗೆ 30 ಸೆಂಟಿಮೀಟರ್ ಸಾಕು. ‘ಎಲ್ಲಿಯಾದರೂ ತಪ್ಪಿಹೋದೀತು’ ಎಂಬ ಅಳುಕಿನಿಂದ ಟೆಕ್ನೀಶಿಯನ್ ಮೇಲೆ ಎರಡು, ಕೆಳಗೆ ನಾಲ್ಕು ಸೆಂಟಿಮೀಟರ್ ಸೇರಿಸುತ್ತಾರೆ. ಮೇಲಿನ ಎರಡರಲ್ಲಿ ಥೈರಾಯ್ಡ್ ಬರುತ್ತದೆ, ಕೆಳಗಿನ ನಾಲ್ಕರಲ್ಲಿ ಯಕೃತ್ತು ಬರುತ್ತದೆ, ಮತ್ತು ಯಂತ್ರ ತಾನಾಗಿ ಕರೆಂಟು ಹೊಂದಿಸಿಕೊಳ್ಳುವಂಥದಾದರೆ ದಟ್ಟವಾದ ಹೊಟ್ಟೆಯ ಭಾಗ ಬಂದೊಡನೆ ಅದು ಕಿರಣವನ್ನು ಇನ್ನಷ್ಟು ಏರಿಸುತ್ತದೆ. ಕೋವಿಡ್‌ನ ಪ್ರಶ್ನೆಗೆ ಈ ಆರು ಸೆಂಟಿಮೀಟರ್‌ನಿಂದ ಯಾವ ಉತ್ತರವೂ ಸಿಗುವುದಿಲ್ಲ.

ಎರಡನೆಯದು ರೋಗಿಯನ್ನು ಮಲಗಿಸುವ ರೀತಿ. ಮೇಜಿನ ಎತ್ತರ ಸರಿಯಿಲ್ಲದೆ ಎದೆಯ ನಡುಭಾಗ ಗ್ಯಾಂಟ್ರಿಯ, ಅಂದರೆ ಯಂತ್ರದ ಬಳೆಯಂಥ ಭಾಗದ, ಕೇಂದ್ರದಿಂದ ಜಾರಿದರೆ, ಕಿರಣವನ್ನು ರೂಪಿಸುವ ಬೋಟೈ ಫಿಲ್ಟರ್ ತಪ್ಪು ಜಾಗಕ್ಕೆ ಬೀಳುತ್ತದೆ, ಅಳತೆಗೆಂದು ತೆಗೆದ ಮೊದಲ ಚಿತ್ರದಲ್ಲಿ ರೋಗಿ ಇರುವುದಕ್ಕಿಂತ ದಪ್ಪವಾಗಿಯೋ ತೆಳ್ಳಗೋ ಕಾಣುತ್ತಾರೆ, ಅದನ್ನು ನಂಬಿ ಯಂತ್ರ ಕರೆಂಟನ್ನು ಹೆಚ್ಚುಕಡಿಮೆ ಮಾಡುತ್ತದೆ. ಕೈಗಳನ್ನು ತಲೆಯ ಮೇಲೆ ಎತ್ತಿಸದಿದ್ದರೆ ಮೂಳೆಗಳ ದೆಸೆಯಿಂದ ಚಿತ್ರದ ಉದ್ದಗಲಕ್ಕೂ ಗೆರೆಗಳು ಮೂಡುತ್ತವೆ. ಸುಸ್ತಾದ ರೋಗಿಗೆ ಕೈ ಎತ್ತಿ ಹಿಡಿಯುವುದು ಕಷ್ಟ ನಿಜ. ಒಂದು ದಿಂಬು, ಒಂದು ಪಟ್ಟಿ ಇದ್ದರೆ ಆಗುವ ಕೆಲಸ ಅದು.

ಮೂರನೆಯದು ಉಸಿರು. ಇದರ ಬಗ್ಗೆ ತುಸು ವಿವರವಾಗಿಯೇ ಬರೆಯಬೇಕು, ಏಕೆಂದರೆ ಎದೆ ಸಿಟಿಯ ಗುಣಮಟ್ಟವನ್ನು ಒಂದು ಮಿಲಿಸೀವರ್ಟ್‌ನ ಖರ್ಚೂ ಇಲ್ಲದೆ ಹೆಚ್ಚಿಸುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಉಸಿರನ್ನು ಪೂರ್ತಿ ಎಳೆದುಕೊಂಡಾಗ ಶ್ವಾಸಕೋಶ ಅರಳಿ ಕಪ್ಪಾಗಿ ಕಾಣುತ್ತದೆ, ಮಚ್ಚೆಗಳು ಎದ್ದು ತೋರುತ್ತವೆ. ಅರ್ಧ ಉಸಿರು ಬಿಟ್ಟ ಸ್ಥಿತಿಯಲ್ಲಿ ತೆಗೆದರೆ ಇಡೀ ಶ್ವಾಸಕೋಶ ಬೆಳ್ಳಗಾಗಿ, ಇಲ್ಲದ ಮಸುಕು ಗಾಜು ಇದ್ದಂತೆ ಕಾಣಬಹುದು. ಸ್ಕ್ಯಾನ್ ನಡುವೆ ಉಸಿರಾಡಿದರೆ ರಕ್ತನಾಳಗಳು ಜೋಡಿಜೋಡಿಯಾಗಿ ಮಸುಕಾಗುತ್ತವೆ. ಯಂತ್ರದಲ್ಲಿ ಮೊದಲೇ ಮುದ್ರಿಸಿಟ್ಟ ಧ್ವನಿ ಹೆಚ್ಚಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಹಳ್ಳಿಯಿಂದ ಬಂದ ಅಜ್ಜಿ ಆ ಕೊಳವೆಯೊಳಗೆ ಒಬ್ಬರೇ ಮಲಗಿ, ಎಲ್ಲಿಂದಲೋ ಬಂದ ಅರ್ಥವಾಗದ ಧ್ವನಿಗೆ ‘ಆಂ?’ ಎಂದು ಬಾಯಿ ತೆರೆದು ಉತ್ತರ ಕೊಡುವ ಹೊತ್ತಿಗೆ ಸ್ಕ್ಯಾನ್ ಅರ್ಧ ಮುಗಿದಿರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಸ್ಥಳೀಯವಾಗಿ ಧ್ವನಿ ಮುದ್ರಿಸಿಕೊಳ್ಳುವ ಸೌಲಭ್ಯ ಇದ್ದೇ ಇದೆ. ‘ಉಸಿರು ಜೋರಾಗಿ ಒಳಗೆ ತಗೊಳ್ಳಿ... ಹಿಡ್ಕೊಳ್ಳಿ, ಬಿಡಬೇಡಿ... ಈಗ ಬಿಡಿ’ ಎಂದು ಆ ಊರಿನ ಕನ್ನಡದಲ್ಲೇ ಮುದ್ರಿಸಿ, ಮಲಗಿಸುವ ಮೊದಲು ಎರಡು ಸಲ ಅಭ್ಯಾಸ ಮಾಡಿಸಿದರೆ ಮರುಸ್ಕ್ಯಾನ್‌ಗಳೇ ಕಡಿಮೆಯಾಗುತ್ತವೆ. ಮರುಸ್ಕ್ಯಾನ್ ಎಂದರೆ ನೇರವಾಗಿ ಎರಡು ಪಟ್ಟು ಡೋಸ್.

ಆಮ್ಲಜನಕ 92 ಇರುವವರಿಗೆ ಉಸಿರನ್ನು ಹೆಚ್ಚು ಹೊತ್ತು ಹಿಡಿಯಲಾಗದು. ಆಗ ಪಿಚ್ (ಯಂತ್ರದ ಒಂದು ಸುತ್ತಿಗೆ ಮೇಜು ಎಷ್ಟು ಮುಂದೆ ಸಾಗುತ್ತದೆ ಎಂಬ ಅಳತೆ) ಹೆಚ್ಚಿಸಿ, ಸುತ್ತಿನ ಅವಧಿಯನ್ನು ಅರ್ಧ ಸೆಕೆಂಡಿಗೆ ಇಳಿಸಿ ಸ್ಕ್ಯಾನ್ ಬೇಗ ಮುಗಿಸಬೇಕು. ಜೊತೆಗೆ ಕೆಳಗಿನಿಂದ ಮೇಲಕ್ಕೆ ಸ್ಕ್ಯಾನ್ ಮಾಡುವುದು ಒಳ್ಳೆಯದು. ಉಸಿರಾಟದಲ್ಲಿ ಅತಿ ಹೆಚ್ಚು ಅಲುಗುವುದು ಶ್ವಾಸಕೋಶದ ಬುಡ, ಕೋವಿಡ್ ಹೆಚ್ಚಾಗಿ ಕೂರುವುದೂ ಅಲ್ಲೇ. ಉಸಿರು ಹಿಡಿದ ಮೊದಲ ಕ್ಷಣಗಳಲ್ಲೇ ಬುಡದ ಚಿತ್ರ ಸಿಕ್ಕಿಬಿಟ್ಟರೆ, ಕೊನೆಯಲ್ಲಿ ಉಸಿರು ತಪ್ಪಿದರೂ ತುದಿಭಾಗ ಅಷ್ಟಾಗಿ ಕೆಡುವುದಿಲ್ಲ.

ಇಷ್ಟಾದ ಮೇಲೆ ಎಂಎಎಸ್. 200ರಿಂದ 40ಕ್ಕೆ ಇಳಿಸಿದರೆ ಸಿಟಿಡಿಐ 2.8 ಮಿಲಿಗ್ರೇ ಆಗುತ್ತದೆ. ಸಾಧಾರಣ ಮೈಕಟ್ಟಿನವರ ಶ್ವಾಸಕೋಶ ತಪಾಸಣೆಗೆ 3 ಮಿಲಿಗ್ರೇ ಮೀರಬಾರದೆಂದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಇಟ್ಟಿರುವ ಮಿತಿಯ ಒಳಗೇ ಇದು ಇದೆ. ಉದ್ದ 30ಕ್ಕೆ ಇಳಿದಿರುವುದರಿಂದ ಡಿಎಲ್‌ಪಿ 84, ಡೋಸ್ ಸುಮಾರು 1.2 ಮಿಲಿಸೀವರ್ಟ್. ಮೊದಲಿನ ಆರನೇ ಒಂದು ಪಾಲು. ಎಕ್ಸ್‌ರೇ ಭಾಷೆಯಲ್ಲಿ 350 ಇದ್ದದ್ದು 60ರ ಹತ್ತಿರ. ಸಿಟಿಡಿಐ ಐದನೇ ಒಂದಕ್ಕೆ ಇಳಿದಿದ್ದರಿಂದ ನಾಯ್ಸ್ 2.2 ಪಟ್ಟಾಗುತ್ತದೆ: ಐದು ಮಿಲಿಮೀಟರ್ ದಪ್ಪದ ಚಿತ್ರದಲ್ಲಿ 12 ಇದ್ದದ್ದು 27. ಅದೇ ದತ್ತಾಂಶದಿಂದ ಒಂದು ಮಿಲಿಮೀಟರ್‌ನ ತೆಳು ಚಿತ್ರ ಮಾಡಿದರೆ ಅದು 60ಕ್ಕೆ ಏರುತ್ತದೆ, ಚೂಪಾದ ಕರ್ನಲ್ (ಚಿತ್ರದ ಅಂಚುಗಳನ್ನು ಎದ್ದು ತೋರಿಸುವ ಗಣಿತದ ಸೋಸು) ಹಾಕಿದರೆ ಇನ್ನೂ ಮೇಲೆ. ಆದ್ದರಿಂದ ಮೂರು ಮಿಲಿಮೀಟರ್‌ನ ಮೃದು ಚಿತ್ರಮಾಲೆಯೊಂದು ಒಟ್ಟಾರೆ ನೋಟಕ್ಕೆ, ಒಂದು ಮಿಲಿಮೀಟರ್‌ನ ಚೂಪು ಚಿತ್ರಮಾಲೆಯೊಂದು ವಿವರಕ್ಕೆ, ಹೀಗೆ ಎರಡನ್ನೂ ಒಂದೇ ಸ್ಕ್ಯಾನ್‌ನಿಂದ ಮಾಡಿಕೊಳ್ಳಬೇಕು. ಇದಕ್ಕೆ ಮತ್ತೆ ಕಿರಣ ಹಾಯಿಸಬೇಕಾಗಿಲ್ಲ; ಕಂಪ್ಯೂಟರ್ ಕೆಲವು ನಿಮಿಷ ಹೆಚ್ಚು ಕೆಲಸ ಮಾಡಬೇಕು, ಅಷ್ಟೇ. ಸಾಲು ಉದ್ದವಿದ್ದ ದಿನಗಳಲ್ಲಿ ಈ ಕೆಲವು ನಿಮಿಷಗಳೇ ದುಬಾರಿಯಾಗಿದ್ದವು ಎಂಬುದನ್ನೂ ಒಪ್ಪಬೇಕು.

ಹೊಸ ಯಂತ್ರಗಳ ಉಪಾಯಗಳು

1.2ರಿಂದ 0.2ಕ್ಕೆ ಇಳಿಯಬೇಕಾದರೆ ಯಂತ್ರದ ನೆರವು ಬೇಕು. ಒಂದು ಉಪಾಯ ತವರದ ಫಿಲ್ಟರ್. ಎಕ್ಸ್‌ರೇ ಕೊಳವೆಯಿಂದ ಹೊರಡುವ ದುರ್ಬಲ ಫೋಟಾನ್‌ಗಳು ಮೈಯೊಳಗೇ ಹೀರಲ್ಪಟ್ಟು ಡೋಸ್ ಕೂಡಿಸುತ್ತವೆಯೇ ಹೊರತು ಡಿಟೆಕ್ಟರ್ ತಲುಪುವುದಿಲ್ಲ. 100 ಕೆವಿಯ ಕಿರಣಕ್ಕೆ ತವರದ ತಗಡನ್ನು ಅಡ್ಡ ಹಿಡಿದರೆ ಇವು ಅಲ್ಲೇ ನಿಂತುಹೋಗಿ, ಗಟ್ಟಿ ಫೋಟಾನ್‌ಗಳಷ್ಟೇ ಮುಂದೆ ಸಾಗುತ್ತವೆ. ಮೃದು ಅಂಗಾಂಶದ ಸೂಕ್ಷ್ಮ ಭೇದ ಇದರಿಂದ ಕೊಂಚ ಕಳೆದುಹೋಗುತ್ತದೆ, ಶ್ವಾಸಕೋಶಕ್ಕೆ ಆ ನಷ್ಟ ತಟ್ಟುವುದಿಲ್ಲ.

ಇನ್ನೊಂದು ಉಪಾಯ ಚಿತ್ರವನ್ನು ಕಟ್ಟುವ ಗಣಿತದಲ್ಲಿದೆ. 1971ರಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆದಾಗ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಬಳಸಿದ್ದು ಊಹಿಸಿ, ಹೋಲಿಸಿ, ತಿದ್ದುತ್ತ ಹೋಗುವ ಆವರ್ತನ ವಿಧಾನವನ್ನೇ. ಅಂದಿನ ಕಂಪ್ಯೂಟರ್‌ಗಳಿಗೆ ಅದು ಭಾರವಾಗಿ, ಒಂದೇ ಸಲಕ್ಕೆ ಚಿತ್ರ ಕಟ್ಟುವ, ವೇಗದ ಫಿಲ್ಟರ್ಡ್ ಬ್ಯಾಕ್ ಪ್ರೊಜೆಕ್ಷನ್ ವಿಧಾನ ದಶಕಗಳ ಕಾಲ ಆಳಿತು. ಕಂಪ್ಯೂಟರ್‌ಗಳು ಬಲಿತ ಮೇಲೆ, 2008–09ರ ಹೊತ್ತಿಗೆ, ಹಳೆಯ ವಿಧಾನವೇ ಹೊಸ ಬಟ್ಟೆ ತೊಟ್ಟು ಮರಳಿತು. 2019ರಿಂದ ಕೃತಕ ಬುದ್ಧಿಮತ್ತೆಯ ಆಳ ಕಲಿಕೆಯ ಜಾಲಗಳು ಈ ಕೆಲಸಕ್ಕೆ ಇಳಿದಿವೆ. ಇವುಗಳಿಗೆ ಪಾಠ ಹೇಳುವ ಒಂದು ಕ್ರಮವೆಂದರೆ ಪೂರ್ಣ ಡೋಸ್‌ನ ಮೂಲ ದತ್ತಾಂಶಕ್ಕೆ ಕೃತಕವಾಗಿ ನಾಯ್ಸ್ ಸೇರಿಸಿ, ‘ಇದು ಕೊಳಕು, ಇದು ಚೊಕ್ಕ’ ಎಂದು ಜೋಡಿಯಾಗಿ ತೋರಿಸುವುದು. ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರಿಗೆಂದು ಬಿಡುಗಡೆ ಮಾಡಿದ ಇಂಥ ದತ್ತಾಂಶದಲ್ಲಿ ತಲೆ ಮತ್ತು ಹೊಟ್ಟೆಯ ಡೋಸನ್ನು ಶೇ 25ಕ್ಕೆ ಇಳಿಸಿದ್ದರೆ, ಎದೆಯದನ್ನು ಶೇ 10ಕ್ಕೆ ಇಳಿಸಿದ್ದಾರೆ. ಶ್ವಾಸಕೋಶದ ರಿಯಾಯಿತಿಯ ಬಗ್ಗೆ ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಈ ಜಾಲಗಳು ಕೊಡುವ ಚಿತ್ರ ನೋಡಲು ಸೊಗಸಾಗಿರುತ್ತದೆ. ನನಗೆ ಅಳುಕಿರುವುದೂ ಅಲ್ಲೇ. ಫೋಟಾನ್ ಕಡಿಮೆ ಬಂದಿದ್ದರೆ ಕಾಳುಕಾಳಾದ ಚಿತ್ರ ಅದನ್ನು ಮುಚ್ಚಿಡುವುದಿಲ್ಲ. ಓದುವವರು ತಾವಾಗಿಯೇ ಎಚ್ಚರ ವಹಿಸುತ್ತಾರೆ. ನಯಮಾಡಿದ ಚಿತ್ರದಲ್ಲಿ ಆ ಎಚ್ಚರಿಕೆಯ ಗುರುತೇ ಅಳಿಸಿಹೋಗಿರುತ್ತದೆ. ಆವರ್ತನ ವಿಧಾನವನ್ನು ಅತಿಯಾಗಿ ಬಳಸಿದಾಗ ಅಂಗಾಂಶ ಮೇಣದಂತೆ ನುಣುಪಾಗಿ ಕಾಣುವುದು, ಮಂಕಾದ ಸಣ್ಣ ಮಚ್ಚೆಗಳ ಅಂಚು ಕರಗುವುದು ರೇಡಿಯಾಲಜಿಸ್ಟರಿಗೆ ಪರಿಚಿತ ಸಮಸ್ಯೆ. ಒಮ್ಮೆಗೇ ಡೋಸನ್ನು ಹತ್ತನೇ ಒಂದಕ್ಕೆ ತಂದು ಉಳಿದದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎನ್ನುವುದಕ್ಕಿಂತ, ಹಂತಹಂತವಾಗಿ ಇಳಿಸುತ್ತ ಪ್ರತಿ ಹಂತದಲ್ಲೂ ತಮ್ಮ ಪ್ರಶ್ನೆಗೆ ಉತ್ತರ ಸಿಗುತ್ತಿದೆಯೇ ಎಂದು ಓದುವ ವೈದ್ಯರನ್ನು ಕೇಳುವುದು ಲೇಸು.

ಇಳಿಸಬಾರದ ಕಡೆ

1.2 ಮಿಲಿಸೀವರ್ಟ್‌ನ ಆ ಸ್ಕ್ಯಾನ್‌ಗೆ ಕೇಳಬಾರದ ಪ್ರಶ್ನೆಗಳೂ ಇವೆ. ಎದೆಯ ನಡುವಿನ ದುಗ್ಧಗ್ರಂಥಿಗಳು ಊದಿವೆಯೇ, ಯಕೃತ್ತಿನಲ್ಲಿ ಏನಾದರೂ ಇದೆಯೇ ಎಂದು ಅದರಲ್ಲಿ ಹುಡುಕುವುದು ಸರಿಯಲ್ಲ. 110 ಕೆಜಿ ತೂಕದವರಿಗೆ 40 ಎಂಎಎಸ್ ಸಾಲುವುದೂ ಇಲ್ಲ. ಭುಜದ ಮಟ್ಟದಲ್ಲಿ ಫೋಟಾನ್‌ಗಳ ಬರ ಬಿದ್ದು ಶ್ವಾಸಕೋಶದ ತುದಿಗಳ ಮೇಲೆ ಅಡ್ಡಗೆರೆಗಳು ಹರಡುತ್ತವೆ. ಕೋವಿಡ್‌ನಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಸಾಮಾನ್ಯವಾಗಿತ್ತು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಇದೆಯೆಂಬ ಅನುಮಾನ ಬಂದರೆ ರಕ್ತನಾಳವನ್ನು ಬೆಳಗಿಸುವ ಅಯೊಡಿನ್ ಕಾಂಟ್ರಾಸ್ಟ್ ಚುಚ್ಚಿಯೇ ನೋಡಬೇಕು, ಸಿಟಿಯಲ್ಲಿ ಬೇರೆ ದಾರಿಯಿಲ್ಲ. ಕುತೂಹಲದ ಸಂಗತಿಯೆಂದರೆ ಅಲ್ಲಿ ಉಳಿತಾಯದ ದಿಕ್ಕೇ ತಿರುವುಮುರುವಾಗುತ್ತದೆ. ಅಯೊಡಿನ್ 33 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ತುಸು ಮೇಲಿನ ಫೋಟಾನ್‌ಗಳನ್ನು ಚೆನ್ನಾಗಿ ಹೀರುವುದರಿಂದ, ಕೆವಿಯನ್ನು 100 ಅಥವಾ 80ಕ್ಕೆ ಇಳಿಸಿ ಕಿರಣವನ್ನು ಮೃದು ಮಾಡಿದಷ್ಟೂ ರಕ್ತನಾಳ ಹೆಚ್ಚು ಬೆಳಗುತ್ತದೆ, ಡೋಸ್ ಕೂಡ ಇಳಿಯುತ್ತದೆ. ಶ್ವಾಸಕೋಶಕ್ಕೆ ನೆರವಾದ ತವರದ ಫಿಲ್ಟರ್ ಇಲ್ಲಿ ಅಡ್ಡಿ. ಎದೆ ಸಿಟಿ ಎಂಬ ಒಂದೇ ಹೆಸರಿನಡಿ ಎಲ್ಲಕ್ಕೂ ಒಂದೇ ಪ್ರೋಟೊಕಾಲ್ ಇಟ್ಟುಕೊಳ್ಳುವುದು ತಪ್ಪಾಗುವುದು ಈ ಕಾರಣಕ್ಕೆ. ವೈದ್ಯರ ಚೀಟಿಯಲ್ಲಿ ‘ಎಚ್‌ಆರ್‌ಸಿಟಿ ಚೆಸ್ಟ್’ (ಹೆಚ್ಚು ಸ್ಪಷ್ಟತೆಯ ಎದೆ ಸಿಟಿ) ಎಂದಷ್ಟೇ ಬರೆದಿದ್ದರೆ, ಯಾವುದಕ್ಕಾಗಿ ಎಂದು ಕೇಳುವ ಹಕ್ಕು ಮತ್ತು ಹೊಣೆ ಎರಡೂ ಸ್ಕ್ಯಾನ್ ಮಾಡುವವರಿಗಿದೆ.

ಮೇ 3ರ ಮಾತಿಗೆ ಮರಳಿ

ಗುಲೇರಿಯಾ ಅವರ ಎಚ್ಚರಿಕೆಯ ಮುಖ್ಯ ಭಾಗ, ಅಂದರೆ ಸೌಮ್ಯ ರೋಗಿಗೆ ಸಿಟಿಯ ಅಗತ್ಯವಿಲ್ಲ ಎಂಬುದು, ಡೋಸ್ ಎಷ್ಟೇ ಇಳಿದರೂ ಬದಲಾಗುವಂಥದ್ದಲ್ಲ. ಚಿಕಿತ್ಸೆಯನ್ನು ಬದಲಿಸದ ಸ್ಕ್ಯಾನ್‌ಗೆ 0.1 ಮಿಲಿಸೀವರ್ಟ್ ಕೂಡ ಹೆಚ್ಚೇ. ಲಕ್ಷಣವೇ ಇಲ್ಲದ ಸೋಂಕಿತರಲ್ಲೂ ಸಿಟಿಯಲ್ಲಿ ಮಚ್ಚೆಗಳು ಕಾಣಿಸಿಕೊಂಡು ಚಿಕಿತ್ಸೆಯಿಲ್ಲದೆಯೇ ಮಾಯವಾಗುವುದನ್ನು ಅವರು ಅದೇ ದಿನ ಪ್ರಸ್ತಾಪಿಸಿದ್ದರು. 300–400ರ ಗದ್ದಲದಲ್ಲಿ ಆ ಮಾತು ಕೇಳಿಸದೇ ಹೋಯಿತು. ಸಂಘದ ಆಕ್ಷೇಪದಲ್ಲಿಯೂ ಹುರುಳಿತ್ತು. ನಿಜವಾಗಿ ಉಸಿರಾಟದ ತೊಂದರೆ ಇದ್ದವರು ಆ ಸಂಖ್ಯೆಗೆ ಹೆದರಿ ಅಗತ್ಯವಾದ ಸ್ಕ್ಯಾನ್ ಬಿಟ್ಟಿದ್ದರೆ ಅದರ ಬೆಲೆ ಯಾವ ವಿಕಿರಣಕ್ಕಿಂತಲೂ ದೊಡ್ಡದು. ಆದರೆ ‘ಆಧುನಿಕ ಯಂತ್ರ’ ಎಂಬ ಮಾತಿನಲ್ಲಿ ಒಂದು ಜಾರುವಿಕೆ ಇತ್ತು. ಯಂತ್ರಕ್ಕೆ ಸಾಧ್ಯವಿರುವ ಡೋಸ್ ಒಂದು, ಆ ಮಧ್ಯಾಹ್ನ ಆ ಕೇಂದ್ರದಲ್ಲಿ ಆ ರೋಗಿಗೆ ಬಿದ್ದ ಡೋಸ್ ಇನ್ನೊಂದು. ಮೊದಲನೆಯದು ತಯಾರಕರ ಕೈಪಿಡಿಯಲ್ಲಿದೆ, ಎರಡನೆಯದು ಡೋಸ್ ವರದಿಯಲ್ಲಿದೆ.

ಈ ವಿವಾದವನ್ನು ಬಗೆಹರಿಸಲು ಬೇಕಿದ್ದದ್ದು ಆ ವರದಿಗಳೇ. ರಾಜ್ಯದ ಸ್ಕ್ಯಾನ್ ಕೇಂದ್ರಗಳು ಎರಡನೇ ಅಲೆಯ ದಿನಗಳಲ್ಲಿ ಮಾಡಿದ ಎದೆ ಸಿಟಿಗಳ ಡಿಎಲ್‌ಪಿಗಳನ್ನು ಒಂದು ಕಡೆ ಬರೆದು, ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನ ಅಂಕಿಯನ್ನು ಓದಿದ್ದರೆ ಸಾಕಿತ್ತು. ಇದಕ್ಕೆ ಹೊಸ ಉಪಕರಣ ಬೇಡ, ರೋಗಿಯ ಹೆಸರೂ ಬೇಡ. ಇಂದಿಗೂ ಅನೇಕ ಮನೆಗಳ ಬೀರುವಿನಲ್ಲಿ ಆ ವರ್ಷದ ಫಿಲ್ಮ್ ಮತ್ತು ಸಿಡಿ ಇರುವ ದೊಡ್ಡ ಲಕೋಟೆಗಳಿವೆ. ಫಿಲ್ಮ್‌ನಲ್ಲಿ ಸಾಮಾನ್ಯವಾಗಿ ಡೋಸ್ ಪುಟವನ್ನು ಮುದ್ರಿಸಿರುವುದಿಲ್ಲ. ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿ ಚಿತ್ರಮಾಲೆಗಳ ಪಟ್ಟಿ ತೆರೆದರೆ, ಹೆಚ್ಚಾಗಿ ಕಟ್ಟಕಡೆಯಲ್ಲಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳ ಒಂದು ಪುಟ ಸಿಗುತ್ತದೆ. ಡಿಎಲ್‌ಪಿ ಎಂಬ ಅಂಕಣದ ಕೆಳಗಿನ ಒಟ್ಟು ಮೊತ್ತ ನೋಡಿ: 500ರ ಸುಮಾರು ಇದ್ದರೆ ಆ ಸ್ಕ್ಯಾನ್ ಗುಲೇರಿಯಾ ಅವರ ಲೆಕ್ಕದ್ದು, 14ರ ಒಳಗಿದ್ದರೆ ಸಂಘದ ಲೆಕ್ಕದ್ದು, 80–100ರ ಆಸುಪಾಸಿನಲ್ಲಿದ್ದರೆ ಆ ಕೇಂದ್ರದಲ್ಲಿ ಯಾರೋ ಒಬ್ಬರು ಕನ್ಸೋಲ್ ಮುಂದೆ ಕುಳಿತು 200 ಎಂದಿದ್ದನ್ನು 40 ಎಂದು ತಿದ್ದಿದ್ದರು.